ಗುಡಿಗೆ ಕಾವಲು, ಗುಡಿಗೆ ಕಲ್ಲು ಕೊಟ್ಟ ಗುಂಡಿಗೆ ಮಣ್ಣು

ಮಾನ್ಯ ಸಂಪಾದಕರೇ,

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅಲ್ಲಿಂದೀಚೆಗೆ ಗುಡಿಗಳ ಬಗ್ಗೆ ಬರೆದದ್ದಕ್ಕೆ, ಮಾತಾಡಿದ್ದಕ್ಕೆ ಲೆಕ್ಕವಿಲ್ಲ. ಕಲ್ಲು ಎದ್ದು ಬಂದ ಗುಂಡಿಗಳ ಮಾತು ಮಾತ್ರ ಅಪರೂಪ. ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಬಳಪದ ಕಲ್ಲು ತೆಗೆದ ಹಳೆಯ ಗುಂಡಿಗಳು ಗೋಮಾಳದಲ್ಲಿ, ಕೆರೆಯಂಚಿನಲ್ಲಿ, ಹೊಲದ ಬದುವಿನಲ್ಲಿ ಲಂಟಾನ ಮುಚ್ಚಿಕೊಂಡು ಬಿದ್ದಿರುತ್ತವೆ. ದಾರಿಹೋಕರ ಕಣ್ಣಿಗೆ ಅದು ನೀರು ನಿಂತ ಒಂದು ಹಳ್ಳ, ಅಷ್ಟೆ. ಮಕ್ಕಳು ಬಿದ್ದಾರೆಂಬ ಭಯಕ್ಕೋ, ಜಾಗ ಸಮ ಮಾಡಿಕೊಳ್ಳಲೆಂದೋ ಅದಕ್ಕೆ ಮಣ್ಣು ಸುರಿದು ಮುಚ್ಚಲು ಎರಡು ದಿನ ಸಾಕು. ನಮ್ಮ ಕೋರಿಕೆ ಒಂದೇ. ಮುಚ್ಚುವ ಮೊದಲು, ಗುತ್ತಿಗೆಗೆ ಕೊಡುವ ಮೊದಲು, ಗುಂಡಿಯ ಗೋಡೆಯನ್ನೂ, ಕಲ್ಲು ಕಡಿದ ಚೂರು ಸುರಿದು ಆದ ಪಕ್ಕದ ಚಕ್ಕೆಗುಡ್ಡೆಯನ್ನೂ ಓದಿ ದಾಖಲಿಸಿಕೊಳ್ಳಬೇಕು. ಏಕೆ, ಹೇಗೆ ಎನ್ನುವುದನ್ನು ಬಿಡಿಸಿ ಹೇಳಲು ಪತ್ರ ತುಸು ಉದ್ದವಾಗಿದೆ, ಮನ್ನಿಸಿ.

ಮೊದಲು ಕಲ್ಲಿನ ಗುರುತು. ಇಂಗ್ಲಿಷಿನವರು ಸೋಪ್‌ಸ್ಟೋನ್ ಎಂದರು, ನಮ್ಮವರು ಬಳಪದ ಕಲ್ಲು ಎಂದರು. ನಮ್ಮ ಹೆಸರೇ ಹೆಚ್ಚು ಕೆಲಸದ್ದು. ಸ್ಲೇಟಿನ ಮೇಲೆ ಅಆಇಈ ತಿದ್ದುತ್ತಿದ್ದ ಬಳಪ ಈ ಕಲ್ಲಿನದೇ. ಅದಕ್ಕೂ ಹಿಂದೆ, ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಚಿದ ಕಡತದ ಮೇಲೆ ಲೆಕ್ಕಪತ್ರ ಬರೆಯುತ್ತಿದ್ದದ್ದೂ ಬಳಪದಲ್ಲೇ. ಇಂದಿಗೂ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ತಗಡಿನ ಮೇಲೆ ಗುರುತು ಹಾಕುವ ಬಿಳಿ ಕಡ್ಡಿ ಇದೇ ಕಲ್ಲು. ಸೀಮೆಸುಣ್ಣದ ಗೆರೆ ಬೆಂಕಿಯ ಮುಂದೆ ಹಾರಿಹೋಗುತ್ತದೆ, ಬಳಪದ ಗೆರೆ ನಿಲ್ಲುತ್ತದೆ.

ಕಲ್ಲಿನ ಮೆದುತನಕ್ಕೆ ಕಾರಣ ಟಾಲ್ಕ್ ಎಂಬ ಖನಿಜ. ಮೋಹ್ಸ್ ಗಟ್ಟಿತನದ ಅಳತೆಯಲ್ಲಿ ಅದು 1, ಅಂದರೆ ಎಲ್ಲಕ್ಕಿಂತ ಕೆಳಗೆ. ಉಗುರು ಸುಮಾರು 2.5. ಆದ್ದರಿಂದ ಟಾಲ್ಕ್ ಹೆಚ್ಚಿರುವ ಕಲ್ಲನ್ನು ಉಗುರಿನಿಂದ ಗೀರಿದರೆ ಬಿಳಿ ಪುಡಿ ಬರುತ್ತದೆ, ಬೆರಳಿಗೆ ಸಾಬೂನಿನಂತೆ ಜಾರುತ್ತದೆ. ಗುಡಿಗಳಲ್ಲಿ ಇರುವುದು ಬರೀ ಟಾಲ್ಕ್ ಅಲ್ಲ. ಅದರೊಡನೆ ಕ್ಲೋರೈಟ್ ಎಂಬ ಹಸಿರು ಖನಿಜ ಸೇರಿರುತ್ತದೆ, ಅದರ ಗಟ್ಟಿತನ 2ರಿಂದ 2.5. ಕ್ಲೋರೈಟ್ ಹೆಚ್ಚಾದಷ್ಟೂ ಕಲ್ಲು ಹಸಿರುಗಪ್ಪಾಗುತ್ತದೆ, ಗೀರಲು ತುಸು ಬಿಗಿಯಾಗುತ್ತದೆ, ಸಣ್ಣ ಕೆತ್ತನೆಯ ಅಂಚು ಚೆನ್ನಾಗಿ ಉಳಿಯುತ್ತದೆ. ಒಂದೇ ಗುಡಿಯ ಕಲ್ಲನ್ನು ಒಬ್ಬರು ಬಳಪದ ಕಲ್ಲೆಂದೂ ಇನ್ನೊಬ್ಬರು ಕ್ಲೋರೈಟ್ ಶಿಸ್ಟ್ (ಕ್ಲೋರೈಟಿನ ಪದರಗಲ್ಲು) ಎಂದೂ ಕರೆಯುವುದು ಇದರಿಂದಲೇ, ಜಗಳವಾಡುವಂಥದ್ದೇನೂ ಅಲ್ಲ. ಇಂದಿನ ಮಾರುಕಟ್ಟೆಯ ‘ಕೃಷ್ಣಶಿಲೆ’ ಮಾತ್ರ ವ್ಯಾಪಾರದ ಹೆಸರು, ಅದು ಯಾವುದೋ ಒಂದೇ ಖನಿಜವನ್ನು ಸೂಚಿಸುವುದಿಲ್ಲ. ದಾಖಲೆಯಲ್ಲಿ ಆ ಹೆಸರನ್ನು ಬಳಸಬಾರದು.

ಈ ಕಲ್ಲು ನಮ್ಮಲ್ಲಿ ಎಲ್ಲೆಂದರಲ್ಲಿ ಸಿಗುವುದಿಲ್ಲ. ಹಾಸನ ಜಿಲ್ಲೆಯ ನೆಲದ ಬಹುಪಾಲು ನೈಸ್ (gneiss) ಎಂಬ ಬೂದು ಪಟ್ಟೆಯ ಬಂಡೆ, 300 ಕೋಟಿ ವರ್ಷ ದಾಟಿದ್ದು. ಆ ಬಂಡೆಯ ನಡುವೆ ಸಿಕ್ಕಿಹಾಕಿಕೊಂಡ ಪಟ್ಟಿಗಳಂತೆ ಇನ್ನೊಂದು ಬಗೆಯ ಶಿಲೆ ಉಳಿದಿದೆ. ಚನ್ನರಾಯಪಟ್ಟಣ ಕಡೆಯ ನುಗ್ಗೇಹಳ್ಳಿ ಪಟ್ಟಿ ಸುಮಾರು 60 ಕಿ.ಮೀ. ಉದ್ದ, ಅಗಲ ಮಾತ್ರ ಹೆಚ್ಚೆಂದರೆ ಒಂದೆರಡು ಕಿ.ಮೀ. ಹೊಳೆನರಸೀಪುರದ ಪಟ್ಟಿ ನಕ್ಷೆಯಲ್ಲಿ ತ್ರಿಶೂಲದಂತೆ ಕವಲೊಡೆದು ಕಾಣುತ್ತದೆ. ನುಗ್ಗೇಹಳ್ಳಿ ಪಟ್ಟಿಯ ಶಿಲೆಗಳ ವಯಸ್ಸು ಸುಮಾರು 310 ಕೋಟಿ ವರ್ಷ. ಬೈರಾಪುರದ ಕ್ರೋಮೈಟ್ (ಕ್ರೋಮಿಯಂ ಅದಿರು) ಗಣಿ ಇದೇ ಪಟ್ಟಿಯಲ್ಲಿದೆ. ಕ್ರೋಮೈಟ್ ಮತ್ತು ಬಳಪದ ಕಲ್ಲು ಒಂದೇ ಮನೆಯ ಮಕ್ಕಳು, ಎರಡೂ ಮೆಗ್ನೀಸಿಯಂ ತುಂಬಿದ, ಬೆಣಚು ಇಲ್ಲದ ಆಳದ ಶಿಲೆಯಿಂದ ಬಂದವು.

ಆ ತಾಯಿಶಿಲೆ ಭೂಮಿಯ ಎಳೆತನದಲ್ಲಿ 1,600 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಮೇಲೆ ಉಕ್ಕಿದ್ದು. ತಣಿದಾಗ ಅದರ ತುಂಬ ಆಲಿವಿನ್ ಎಂಬ ಹಸಿರು ಹರಳು. ಬಿರುಕುಗಳಲ್ಲಿ ನೀರು ಇಳಿದಾಗ ಆಲಿವಿನ್ ಕರಗಿ ಸರ್ಪೆಂಟೈನ್ ಎಂಬ ಖನಿಜವಾಯಿತು. ಮುಂದೆ ಇಂಗಾಲದ ಡೈಆಕ್ಸೈಡ್ ಬೆರೆತ ಬಿಸಿನೀರು ಬಂದಾಗ ಸರ್ಪೆಂಟೈನ್ ಒಡೆದು ಟಾಲ್ಕ್, ಮ್ಯಾಗ್ನಸೈಟ್ (ಮೆಗ್ನೀಸಿಯಂ ಕಾರ್ಬೊನೇಟ್), ನೀರು ಎಂದು ಮೂರು ಪಾಲಾಯಿತು. ಪಕ್ಕದ ನೈಸ್ ಬಂಡೆಯಿಂದ ಸಿಲಿಕಾ ಒಸರಿದ ಕಡೆಯಲ್ಲೂ ಟಾಲ್ಕ್ ಹುಟ್ಟಿತು. ಗುಂಡಿಯ ಗೋಡೆಯಲ್ಲಿ ಈ ಕಥೆಯನ್ನು ಸಾಲಾಗಿ ನೋಡಬಹುದು. ಹೊರಗೆ ಬೂದು ನೈಸ್, ಅದರ ಮಗ್ಗುಲಲ್ಲಿ ಕಪ್ಪು ಅಭ್ರಕ ಮತ್ತು ಕ್ಲೋರೈಟಿನ ತೆಳು ಸಿಪ್ಪೆ, ಒಳಗೆ ಹಸಿರು ಸೂಜಿಯಂಥ ಆಕ್ಟಿನೊಲೈಟ್, ಆಮೇಲೆ ಬಳಪದ ಕಲ್ಲು, ನಟ್ಟನಡುವೆ ಇನ್ನೂ ಬದಲಾಗದ ಗಟ್ಟಿ ಸರ್ಪೆಂಟೈನ್. ಎಲ್ಲ ಗುಂಡಿಯಲ್ಲೂ ಐದೂ ಪದರ ಇರುವುದಿಲ್ಲ, ಇದ್ದಷ್ಟರ ಕ್ರಮ ಮಾತ್ರ ಇದೇ.

ಹಳೆಯ ಗುಂಡಿಗಳ ಆಕಾರವೂ ಈ ಕ್ರಮದಿಂದಲೇ ಬಂದದ್ದು. ಒಳ್ಳೆಯ ಕಲ್ಲು ನಡು ದಪ್ಪ, ತುದಿ ಚೂಪಾದ ಮಸೂರದಂತೆ ನೆಲದೊಳಗೆ ಇರುತ್ತದೆ. ತೆಗೆದವರು ಅದರ ಬೆನ್ನು ಹಿಡಿದು ಹೋಗಿ, ಸಿಪ್ಪೆ ಸಿಕ್ಕಿದಲ್ಲಿ ನಿಂತರು. ಅಗಲ ಕಡಿಮೆ, ಉದ್ದ ಹೆಚ್ಚು, ಪಟ್ಟಿ ಓಡುವ ದಿಕ್ಕಿಗೇ ಗುಂಡಿಯೂ ಓಡುತ್ತದೆ. ನುಗ್ಗೇಹಳ್ಳಿ ಪಟ್ಟಿಯಲ್ಲಾದರೆ ಅದು ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ. ಕೆರೆಗೆ ಹೂಳೆತ್ತಿದ ಗುಂಡಿ, ಇಟ್ಟಿಗೆಮಣ್ಣಿನ ಗುಂಡಿ ಹೀಗೆ ಒಂದೇ ದಿಕ್ಕಿಗೆ ಸಾಲುಗಟ್ಟುವುದಿಲ್ಲ. ಉಪಗ್ರಹ ಚಿತ್ರದಲ್ಲಿ ಹುಡುಕುವವರಿಗೆ ಮೊದಲ ಸುಳಿವು ಇದು. ಎರಡನೆಯ ಸುಳಿವು ಊರವರ ಬಾಯಲ್ಲಿ ಇರುತ್ತದೆ: ಬಳಪದ ದಿಣ್ಣೆ, ಬಳಪದ ಹಳ್ಳ ಎಂಬಂಥ ಹೊಲದ ಹೆಸರುಗಳು. ಪಹಣಿಯಲ್ಲಿ ಬರೀ ಸರ್ವೆ ನಂಬರ್ ಇದ್ದರೂ ಹಿರಿಯರನ್ನು ಕೇಳಿದರೆ ಹೆಸರು ಹೊರಬರುತ್ತದೆ.

ಕಲ್ಲು ಎಬ್ಬಿಸಿದ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಗೋಡೆ ಓದುವ ಕೀಲಿಕೈ ಅದರಲ್ಲಿದೆ. ಗ್ರಾನೈಟನ್ನು ಸೀಳುವವರು ಸಾಲಾಗಿ ಗುಳಿ ಹೊಡೆದು ಬೆಣೆ ಇಟ್ಟು ಬಡಿಯುತ್ತಾರೆ. ಕಲ್ಲು ಗೆರೆ ಹಿಡಿದು ಬಾಯಿ ಬಿಡುತ್ತದೆ. ಬಳಪದ ಕಲ್ಲಿನಲ್ಲಿ ಬೆಣೆ ಬಡಿದರೆ ಗುಳಿಯ ಅಂಚೇ ಜಜ್ಜಿ ಪುಡಿಯಾಗುತ್ತದೆ, ಒತ್ತಡ ಮುಂದಕ್ಕೆ ಹೋಗುವುದಿಲ್ಲ. ಹೋದರೂ ನಮಗೆ ಬೇಕಾದ ಗೆರೆ ಬಿಟ್ಟು ಪದರದ ದಾರಿ ಹಿಡಿಯುತ್ತದೆ. ಬೆಂಕಿ ಹಾಕಿ ನೀರೆರಚಿ ಸಿಡಿಸುವ ಉಪಾಯವೂ ನಡೆಯದು. ಗ್ರಾನೈಟ್ ಸಿಡಿಯುವ ಬಿಸಿಯನ್ನು ಈ ಕಲ್ಲು ಸುಮ್ಮನೆ ಕುಡಿದುಕೊಂಡು ಕೂರುತ್ತದೆ, ಒಲೆಗೂ ಅಡುಗೆ ಪಾತ್ರೆಗೂ ಒಗ್ಗಿದ್ದು ಆ ಗುಣಕ್ಕೇ. ಹಾಗಾಗಿ ಉಳಿದದ್ದು ಒಂದೇ ದಾರಿ. ಬೇಕಾದ ಅಳತೆಗೆ ಸುತ್ತ ಕಾಲುವೆಯಂತೆ ಕಡಿದು, ಅಡಿಯಲ್ಲಿ ಪದರ ನೋಡಿ ಕೊರೆದು, ಹಾರೆ ಕೊಟ್ಟು ಮೀಟಿ ಎಬ್ಬಿಸುವುದು.

ಈ ಕೆಲಸದಲ್ಲಿ ಎಷ್ಟು ಕಲ್ಲು ಪುಡಿಯಾಗುತ್ತದೆ ಎಂದು ಲೆಕ್ಕ ಹಾಕಬಹುದು. ಕಂಬಕ್ಕೆ 2 ಅಡಿ ಅಗಲ, 2 ಅಡಿ ದಪ್ಪ, 8 ಅಡಿ ಉದ್ದದ ಕಲ್ಲು ಬೇಕು ಎನ್ನೋಣ. ಅದು 32 ಘನ ಅಡಿ. ಬಳಪದ ಕಲ್ಲು ಘನ ಅಡಿಗೆ ಸುಮಾರು 80 ಕಿಲೋ ತೂಗುತ್ತದೆ, ಹಾಗಾಗಿ ಕಲ್ಲಿನ ತೂಕ ಎರಡೂವರೆ ಟನ್ ದಾಟಿತು. ಮೆದು ಕಲ್ಲೆಂದರೆ ಹಗುರ ಎಂದುಕೊಳ್ಳುವವರಿದ್ದಾರೆ. ಗ್ರಾನೈಟ್ ಘನ ಅಡಿಗೆ 75 ಕಿಲೋ ಮಾತ್ರ, ಬಳಪದ ಕಲ್ಲೇ ಭಾರ. ಸಾಲಾಗಿ ಕಲ್ಲು ಎಬ್ಬಿಸುವಾಗ ಎರಡು ಕಲ್ಲಿನ ನಡುವೆ ಅರ್ಧ ಅಡಿ ಕಾಲುವೆ, ಅಡಿಗೂ ಅರ್ಧ ಅಡಿ ಕೊರೆತ ಎಂದು ಹಿಡಿದರೆ ಒಂದು ಕಲ್ಲಿಗೆ 53 ಘನ ಅಡಿ ಬಂಡೆ ಖರ್ಚಾಗುತ್ತದೆ. ಅಂದರೆ ಎಲ್ಲವೂ ಸರಿಯಾಗಿ ನಡೆದರೂ ನೂರಕ್ಕೆ 40 ಪಾಲು ಚಕ್ಕೆ. ಆ ಕಲ್ಲನ್ನು ದುಂಡು ಮಾಡಲು ಹೋದರೆ, ದುಂಡಾದ ಭಾಗದಲ್ಲಿ ಇನ್ನೂ ಐದರಲ್ಲೊಂದು ಪಾಲಿಗಿಂತ ಹೆಚ್ಚು ಹೋಗುತ್ತದೆ.

ಎಲ್ಲವೂ ಸರಿಯಾಗಿ ನಡೆಯುವುದೂ ಇಲ್ಲ. ಈ ಕಲ್ಲಿನ ದೊಡ್ಡ ಶತ್ರು ಮ್ಯಾಗ್ನೆಟೈಟ್ ಕಾಳು: ಮೆದು ಕಲ್ಲಿನ ನಡುವೆ ಎಳ್ಳಿನಷ್ಟು ಗಾತ್ರದ, ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಗಟ್ಟಿ ಕರಿ ಹರಳು. ಚಾಣ ಅದಕ್ಕೆ ತಾಗಿ ಜಾರಿದರೆ ಮೂಗು, ಬೆರಳಿನಂಥ ಸಣ್ಣ ಭಾಗ ಹಾರಿಹೋಗುತ್ತದೆ. ಕಬ್ಬಿಣ, ಗಂಧಕ ಸೇರಿದ ಪೈರೈಟ್ ಇದ್ದರೆ ವರ್ಷಗಳ ಮೇಲೆ ತುಕ್ಕಿನ ಕಲೆ ಇಳಿಯುತ್ತದೆ. ಕಾರ್ಬೊನೇಟ್ ನಾಳವಿದ್ದರೆ ಮಳೆಗೆ ಮೊದಲು ಅದೇ ಸವೆದು ಗೀರು ಬೀಳುತ್ತದೆ. ಕೂದಲೆಳೆಯ ಬಿರುಕು ಒಣಗಿದ ಕಲ್ಲಿನಲ್ಲಿ ಕಾಣುವುದೇ ಇಲ್ಲ. ಅದನ್ನು ಹಿಡಿಯಲು ಎರಡು ಪರೀಕ್ಷೆ ಇವೆ. ಕಲ್ಲನ್ನು ಪೂರ್ತಿ ನೆನೆಸಿ ನೆರಳಲ್ಲಿ ಬಿಟ್ಟರೆ ಮೈ ಒಣಗಿದ ಮೇಲೂ ಬಿರುಕಿನ ಗೆರೆ ಕಪ್ಪಾಗಿ ಉಳಿಯುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳ್ಳೆಯ ಕಲ್ಲು ಟಣ್ಣೆನ್ನುತ್ತದೆ, ಬಿರುಕಿನ ಕಲ್ಲು ಒಡಕು ಮಡಕೆಯ ದನಿ ಕೊಡುತ್ತದೆ. ನೂರಾರು ವರ್ಷದ ಹಿಂದೆ ಗುಂಡಿಯಲ್ಲೇ ಈ ತೀರ್ಮಾನ ಆಗಿರಲೇಬೇಕು. ಎರಡೂವರೆ ಟನ್ ಹೊತ್ತು ಒಯ್ದ ಮೇಲೆ ದೋಷ ಕಂಡರೆ ಎತ್ತಿನ ದುಡಿಮೆಯೆಲ್ಲ ದಂಡ. ಹಾಗಾಗಿ ತಿರಸ್ಕರಿಸಿದ ಕಲ್ಲು ಗುಂಡಿಯ ಬಳಿಯೇ ಉಳಿಯುತ್ತದೆ. ಮೂರು ಕಡೆ ಕಾಲುವೆ ಕಡಿದು ನಾಲ್ಕನೆಯ ಕಡೆ ಮುಟ್ಟದೆ ಬಿಟ್ಟ ಕಲ್ಲು ಸಿಕ್ಕಿದರೆ ಅದರ ಬಳಿ ಮಂಡಿಯೂರಿ ನೋಡಬೇಕು. ಕಾಲುವೆಯ ಒಳಗೋಡೆಯಲ್ಲಿ ಚಾಣದ ಏಟುಗಳು ಮಳೆ ಹನಿಯ ಓರೆಯಲ್ಲಿ ಒಂದರ ಪಕ್ಕ ಒಂದು ಬಿದ್ದಿರುತ್ತವೆ, ಕೊನೆಯ ಏಟಿನ ಮುಂದೆ ಒಂದು ಬಿಳಿ ನಾಳವೋ ಬಿರುಕೋ ಅಡ್ಡ ಬಂದಿರುತ್ತದೆ. ಕೈಬಿಟ್ಟ ಕಾರಣ ಅಲ್ಲೇ ಬರೆದಿಟ್ಟಂತೆ ಕಾಣುತ್ತದೆ.

ಈ ಕಾರಣಕ್ಕೆ ನಮ್ಮ ದೃಷ್ಟಿಯಲ್ಲಿ ಗುಂಡಿಗಿಂತಲೂ ಚಕ್ಕೆಗುಡ್ಡೆ ದೊಡ್ಡ ಆಸ್ತಿ. ಅರ್ಧ ಕಡೆದ ಕಂಬದ ತುಂಡು, ಒಡೆದ ಪಾತ್ರೆಯ ತಳ, ಕಟ್ಟಿಗೆಯ ಇದ್ದಿಲು, ಮಡಕೆಯ ಚೂರು ಎಲ್ಲ ಅದರ ಪದರಗಳಲ್ಲಿ ಕೂತಿರುತ್ತವೆ. ಬಂಡೆಯ ವಯಸ್ಸು ಕೋಟಿಗಳಲ್ಲಿ, ಅದನ್ನು ಅಳೆದು ಗಣಿ ಕೆಲಸದ ಕಾಲ ತಿಳಿಯದು. ಇದ್ದಿಲು ಮತ್ತು ಮಡಕೆ ಚೂರು ಕಾಲವನ್ನು ಹೇಳುತ್ತವೆ. ಜೆಸಿಬಿ ಬಂದರೆ ಮೊದಲು ಬಾಯಿ ಹಾಕುವುದು ಈ ಗುಡ್ಡೆಗೇ, ಏಕೆಂದರೆ ಗುಂಡಿ ಮುಚ್ಚಲು ಪಕ್ಕದಲ್ಲೇ ಇರುವ ಸಡಿಲ ಮಣ್ಣು ಅದು. ಒಮ್ಮೆ ಕಲಸಿದರೆ ಮೇಲಿನ ಚೂರು ಕೆಳಗೆ, ಕೆಳಗಿನ ಇದ್ದಿಲು ಮೇಲೆ. ಮತ್ತೆ ಜೋಡಿಸಲು ಯಾರಿಂದಲೂ ಆಗದು.

ಗೋಡೆಯ ಮೇಲಿನ ಗುರುತಿನಿಂದ ಕಾಲವನ್ನು ಒರಟಾಗಿ ವಿಂಗಡಿಸಬಹುದು. ಓರೆಯಾದ, ಉದ್ದ ಒಂದೇ ಸಮ ಇಲ್ಲದ ಏಟುಗಳು ಕೈಚಾಣದವು. ಹೆಬ್ಬೆರಳಿನ ಗಾತ್ರದ, ನೇರವಾಗಿ ಒಂದೇ ಸಮ ಇಳಿದ ಅರ್ಧ ಕೊಳವೆಯಂಥ ಗುರುತು ಕಂಡರೆ ಅದು ಕಂಪ್ರೆಸರಿಗೆ ಜೋಡಿಸಿದ ಜಾಕ್‌ಹ್ಯಾಮರಿನದು, ಸಿಡಿಮದ್ದಿನ ಕಾಲದ್ದು. ಕನ್ನಡಿಯಂತೆ ಸಪಾಟಾದ ಗೋಡೆಯಲ್ಲಿ ಬಾಗಿದ ಸಣ್ಣ ಗೆರೆ ಇದ್ದರೆ ವಜ್ರದ ತಂತಿ ಗರಗಸ, ತೀರ ಈಚಿನದು. ಒಂದೇ ಗುಂಡಿಯಲ್ಲಿ ಮೂರೂ ಇರಬಹುದು. ಮೇಲ್ಗಡೆಯ ಗೋಡೆಯಲ್ಲಿ ಕೈಚಾಣ, ಕೆಳಗೆ ಕೊಳವೆ ಗುರುತು ಇದ್ದರೆ ಹಳೆಯ ಗಣಿಯನ್ನು ಮತ್ತೆ ಆಳ ಮಾಡಿದ್ದಾರೆ ಎಂದರ್ಥ. ನಡುಹಗಲಿನ ಬಿಸಿಲಿನಲ್ಲಿ ತೆಗೆದ ಫೋಟೊದಲ್ಲಿ ಇದ್ಯಾವುದೂ ಕಾಣದು. ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ, ಬೆಳಕು ಗೋಡೆಯನ್ನು ಸವರಿಕೊಂಡು ಹೋಗುವಾಗ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಬೇಕು.

ಇತಿಹಾಸದ ಮಾತಿಗೆ ಬಂದರೆ, ಬಾದಾಮಿ ಚಾಲುಕ್ಯರು ಮರಳುಗಲ್ಲಿನಲ್ಲಿ ಕಟ್ಟಿದರು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು 1050ರ ಅಣ್ಣಿಗೇರಿಯ ಅಮೃತೇಶ್ವರ ಗುಡಿಯಿಂದ, ಬಳಪದ ಕಲ್ಲು ಗುಡಿ ಕಟ್ಟುವವರ ಕೈಗೆ ಬಂತು. ಹೊಯ್ಸಳರು ಅದನ್ನು ತುತ್ತತುದಿಗೆ ಒಯ್ದರು. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ, 1117ರ ಬೇಲೂರು, ಅದರ ಹಿಂದೆಯೇ ಹಳೇಬೀಡು, 1173ರ ಕೋರವಂಗಲ, 1196ರ ಅಮೃತಾಪುರ, 1246ರ ನುಗ್ಗೇಹಳ್ಳಿ ಎಂದು ಒಂದೂವರೆ ಶತಮಾನ ಈ ಕಲ್ಲಿಗೆ ಬಿಡುವಿರಲಿಲ್ಲ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ ನಿಂತಿರುವುದೇ ಈ ಶಿಲಾಪಟ್ಟಿಗೆ ಹೆಸರು ಕೊಟ್ಟ ಊರಿನಲ್ಲಿ. ಅಲ್ಲಿಂದ ದೂರವಿಲ್ಲದ ಶ್ರವಣಬೆಳಗೊಳದಲ್ಲಿ ಅದಕ್ಕೆ ಎರಡೂವರೆ ಶತಮಾನ ಮೊದಲು ಗೊಮ್ಮಟನನ್ನು ಗ್ರಾನೈಟಿನಲ್ಲೇ ಕಡೆದಿದ್ದರು. ಎರಡೂ ಕಲ್ಲು ಹತ್ತಿರವೇ ಇದ್ದವು, ಯಾವ ಕೆಲಸಕ್ಕೆ ಯಾವುದು ಎಂಬ ಆಯ್ಕೆ ಬಲ್ಲವರದು. ಮೈಮೇಲಿನ ಒಡವೆಯ ಕೊಂಡಿಯ ಹಿಂದೆ ಗಾಳಿಯಾಡುವಷ್ಟು ಬಿಡಿಸಿ ಕೆತ್ತಲು ಬೆಣಚುಕಲ್ಲಿನ ಕಾಳೇ ಇಲ್ಲದ ಕಲ್ಲು ಬೇಕು. ಬೆಣಚಿನ ಗಟ್ಟಿತನ 7, ಅದು ಇದ್ದ ಕಡೆ ಉಳಿಯ ಮೊನೆ ನಿಲ್ಲದು.

ತಿರುಗಣಿ ಕಂಬಗಳೂ ಇದೇ ಕಾರಣಕ್ಕೆ ಸಾಧ್ಯವಾದವು. ಕಲ್ಲನ್ನು ತಿರುಗಿಸುತ್ತ ಚಾಣ ಹಿಡಿದು ಕಡೆದ ಗೆರೆಗಳು ಕಂಬದ ಸುತ್ತ ಸಮವಾಗಿ ಓಡುವುದನ್ನು ಬೇಲೂರಿನ ನವರಂಗದಲ್ಲಿ ಬೆರಳಾಡಿಸದೆ ಬರೀ ಕಣ್ಣಲ್ಲೇ ನೋಡಬಹುದು. ದಯವಿಟ್ಟು ಬೆರಳಾಡಿಸಬೇಡಿ, ಎಣ್ಣೆ ಬೆವರಿನ ಕೈ ತಾಗಿ ಕಪ್ಪಾದ ಕಡೆಗಳು ಈಗಾಗಲೇ ಸಾಕಷ್ಟಿವೆ.

ಇಲ್ಲಿ ಒಂದು ನಂಬಿಕೆಯನ್ನು ತಿದ್ದಲೇಬೇಕು. ‘ನೆಲದಿಂದ ತೆಗೆದಾಗ ಬೆಣ್ಣೆಯಂತಿದ್ದು ಗಾಳಿ ತಾಗಿದ ಮೇಲೆ ಉಕ್ಕಿನಂತಾಗುತ್ತದೆ’ ಎಂದು ಗೈಡುಗಳಿಂದ ಹಿಡಿದು ಪಠ್ಯದವರೆಗೆ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ನೆಲದೊಳಗಿನ ಕಲ್ಲಿನ ಪದರಗಳ ನಡುವೆ ತೇವ ಇರುತ್ತದೆ, ಆಗ ಕಡಿಯುವುದು ಸುಲಭ. ಒಣಗುತ್ತ ತೇವದೊಂದಿಗೆ ಕರಗಿದ ಅಂಶ ಮೇಲ್ಮೈಗೆ ಬಂದು ತೆಳುವಾದ ಬಿಗಿ ತೊಗಲು ಕಟ್ಟುತ್ತದೆ. ಒಳಗಿನ ಟಾಲ್ಕ್ ಮಾತ್ರ ಸಾವಿರ ವರ್ಷವಾದರೂ ಟಾಲ್ಕೇ. ಅದು ನಿಜವಾಗಿ ಗಟ್ಟಿಯಾಗಬೇಕಾದರೆ 900 ಡಿಗ್ರಿ ಆಸುಪಾಸಿಗೆ ಸುಟ್ಟು, ಒಳಗಿನ ನೀರು ಬಿಟ್ಟು, ಎನ್‌ಸ್ಟಟೈಟ್ ಎಂಬ ಬೇರೆಯೇ ಖನಿಜವಾಗಬೇಕು. ಈ ವಿವರ ಯಾಕೆ ಮುಖ್ಯವೆಂದರೆ, ‘ಹೇಗೂ ಗಟ್ಟಿಯಾಗಿದೆ’ ಎಂಬ ಧೈರ್ಯದಿಂದಲೇ ಊರ ಗುಡಿಗಳಲ್ಲಿ ತಂತಿ ಬ್ರಷ್ ಹಾಕಿ ಉಜ್ಜುವುದು, ಆ್ಯಸಿಡ್ ಹಾಕಿ ತೊಳೆಯುವುದು, ಮರಳು ಊದಿಸುವುದು ನಡೆಯುತ್ತದೆ. ತೊಗಲು ಹೋದರೆ ಉಳಿಯುವುದು ಉಗುರಿಗೆ ಗೀರುವ ಕಲ್ಲು. ಆ್ಯಸಿಡ್ ಕಾರ್ಬೊನೇಟ್ ಕಾಳುಗಳನ್ನು ತಿಂದು ಸಿಡುಬಿನ ಕಲೆಯಂತೆ ಗುಳಿ ಬೀಳಿಸುತ್ತದೆ. ಸಂದಿಗೆ ಸಿಮೆಂಟ್ ತುಂಬಿದರೆ ಅದು ಕಲ್ಲಿಗಿಂತ ಗಟ್ಟಿ, ಬಿಸಿಲು ಮಳೆಗೆ ಹಿಗ್ಗಿ ಕುಗ್ಗುವಾಗ ಬಿರಿಯುವುದು ಸಿಮೆಂಟಲ್ಲ, ಪಕ್ಕದ ಕಲ್ಲು. ಸುಣ್ಣದ ಗಾರೆಗೆ ಈ ತೊಂದರೆ ಇಲ್ಲ.

1311ರಲ್ಲಿ ಮಲಿಕ್ ಕಾಫರನ ದಂಡು ದೋರಸಮುದ್ರಕ್ಕೆ (ಇಂದಿನ ಹಳೇಬೀಡು) ಬಂತು, ಆ ಶತಮಾನದ ನಡುವಿಗೆ ಹೊಯ್ಸಳರ ಆಳ್ವಿಕೆಯೇ ಮುಗಿಯಿತು. ವಿಜಯನಗರದವರು ಮುಖ್ಯವಾಗಿ ಗ್ರಾನೈಟಿಗೆ ತಿರುಗಿದರು. ಬಳಪದ ಕಲ್ಲಿನ ಕೆಲಸ ಸಣ್ಣದಕ್ಕೆ ಇಳಿಯಿತು: ಬಳಪ, ಒರಳು, ಕಲ್ಮರಿಗೆ ಎಂಬ ಕಲ್ಲಿನ ಪಾತ್ರೆ. ಹುಳಿ, ಉಪ್ಪಿನಕಾಯಿಗೆ ಕಲ್ಮರಿಗೆಯೇ ಆಗಬೇಕೆನ್ನುವ ಮನೆಗಳು ಈಗಲೂ ಇವೆ. ಹೊಸದನ್ನು ಪಳಗಿಸದೆ ಒಲೆಗೆ ಇಟ್ಟರೆ ಪದರದ ನಡುವಿನ ತೇವ ಆವಿಯಾಗಿ ಪಾತ್ರೆ ಸೀಳುತ್ತದೆ. ಆರೇಳು ದಿನ ದಿನಕ್ಕೊಮ್ಮೆ ಬಿಸಿ ಗಂಜಿ ತುಂಬಿಡಬೇಕು, ಅರಿಸಿನ ಬೆರೆಸಿದ ಹರಳೆಣ್ಣೆ ಒಳಗೂ ಹೊರಗೂ ಸವರಿ ಒಣಗಿಸಬೇಕು, ಆಮೇಲೆ ಸಣ್ಣ ಉರಿಯಲ್ಲಿ ಗಂಜಿ ಕಾಯಿಸಿ ಅಲ್ಲೇ ತಣಿಯಲು ಬಿಡಬೇಕು. ಕೊಳ್ಳುವಾಗ ಬಿಳಿ ನಾಳ ಓಡಿದ ಮರಿಗೆ ಬೇಡ, ಹುಣಸೆಹುಳಿಗೆ ಆ ನಾಳವೇ ಸೋರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಪುಡಿಗೆ ಬೇಡಿಕೆ ಬಂತು. ಕಾಗದ, ಪಿಂಗಾಣಿ, ಕೀಟನಾಶಕದ ಪುಡಿ, ಮುಖಕ್ಕೆ ಹಚ್ಚುವ ಪೌಡರ್. ಪುಡಿ ಮಾಡುವವರಿಗೆ ಕಲ್ಲು ಅಖಂಡವಾಗಿರಬೇಕಿಲ್ಲ, ಕೆತ್ತನೆಯವರು ಬಿಟ್ಟ ಚಕ್ಕೆಗುಡ್ಡೆಯೂ ಆದೀತು. ಗುಡ್ಡೆಗೆ ಅಪಾಯ ಬರುವ ದಾರಿ ಇದೂ ಒಂದು. 2015ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಬಳಪದ ಕಲ್ಲೂ ಸೇರಿ 31 ಖನಿಜಗಳನ್ನು ಉಪಖನಿಜಗಳ ಪಟ್ಟಿಗೆ ಸೇರಿಸಿತು. ಅಂದಿನಿಂದ ಇದರ ಗುತ್ತಿಗೆಯ ನಿಯಮ ರಾಜ್ಯದ ಕೈಯಲ್ಲೇ ಇದೆ. ಆದ್ದರಿಂದ ಗುತ್ತಿಗೆ ಅರ್ಜಿಯೊಂದಿಗೆ ‘ಇಲ್ಲಿ ಹಳೆಯ ಕೈಗಣಿಯ ಕುರುಹು ಇದೆಯೇ’ ಎಂಬ ಸ್ಥಳ ಪರಿಶೀಲನೆಯನ್ನು ಸೇರಿಸಲು ದೆಹಲಿಯ ಕಡೆ ನೋಡಬೇಕಿಲ್ಲ.

ಗುಂಡಿಗಳು ಅಪಾಯಕಾರಿ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಒದ್ದೆಯಾದ ಬಳಪದ ಕಲ್ಲಿನ ಮೇಲೆ ಕಾಲು ನಿಲ್ಲದು, ಬಿದ್ದವರಿಗೆ ಹಿಡಿದು ಹತ್ತಲು ಗೋಡೆಯಲ್ಲಿ ಹಿಡಿತವೂ ಸಿಗದು. ಪದರಗಳು ಗುಂಡಿಯ ಒಳಕ್ಕೆ ಇಳಿಜಾರಾಗಿರುವ ಬದಿ ಮಳೆಗಾಲದಲ್ಲಿ ಹಲಗೆಯಂತೆ ಜಾರಿ ಬೀಳುತ್ತದೆ, ಆ ಬದಿಯ ಅಂಚಿನಲ್ಲಿ ನಿಲ್ಲಲೇಬಾರದು. ಎದುರು ಬದಿ ಸಾಮಾನ್ಯವಾಗಿ ಗಟ್ಟಿ. ಇದಕ್ಕೆ ಪರಿಹಾರ ಮುಚ್ಚುವುದೊಂದೇ ಅಲ್ಲ. ಅಂಚಿನಿಂದ ಎರಡು ಮೂರು ಮೀಟರ್ ಹಿಂದೆ ಕಲ್ಲುಕಂಬದ ಬೇಲಿ, ಸುತ್ತ ನೀರು ಒಳಹರಿಯದಂತೆ ಸಣ್ಣ ಕಾಲುವೆ, ಕಲ್ಲು ಎಳೆದು ಮೇಲೆ ತಂದ ಹಳೆಯ ಇಳಿಜಾರಿನ ದಾರಿ ಇದ್ದರೆ ಹತ್ತಿ ಬರಲು ಅದನ್ನು ತೆರವಾಗಿ ಇಡುವುದು, ಇಷ್ಟಾದರೆ ಬಹುಪಾಲು ಅಪಾಯ ತಪ್ಪುತ್ತದೆ. ಮುಚ್ಚಲೇಬೇಕಾದರೂ ದಾಖಲೆ ಆದ ಮೇಲೆ, ಗೋಡೆಗೆ ಮೊದಲು ಮರಳಿನ ಪದರ ಕೊಟ್ಟು ಮುಚ್ಚಿದರೆ ಮುಂದೊಂದು ದಿನ ತೆರೆಯಬಹುದು. ಕಟ್ಟಡದ ಅವಶೇಷ, ಕಸ ಸುರಿದರೆ ಆ ದಾರಿ ಮುಚ್ಚಿತು, ಕೆಳಗಿನ ಬಾವಿ ನೀರೂ ಕೆಟ್ಟಿತು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಟಾಲ್ಕಿನ ಮಗ್ಗುಲಲ್ಲಿ ಬರುವ ಟ್ರೆಮೊಲೈಟ್, ಆಂಥೊಫಿಲೈಟ್ ಎಂಬ ಖನಿಜಗಳು ಕೆಲವು ಕಡೆ ನಾರು ನಾರಾಗಿ ಇರುತ್ತವೆ, ಅದು ಕಲ್ನಾರಿನ (ಆಸ್‌ಬೆಸ್ಟಾಸ್) ಜಾತಿ. ಆ ದೂಳು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಗುಂಡಿ ನೋಡಲು ಹೋದವರು ಒಣ ಚಕ್ಕೆಯನ್ನು ಗುಡಿಸಬಾರದು. ಈ ಕಲ್ಲಿನಲ್ಲಿ ಕೆಲಸ ಮಾಡುವ ಶಿಲ್ಪಿಗಳು ಗ್ರೈಂಡರನ್ನು ಒಣಗಲ್ಲಿನ ಮೇಲೆ ಆಡಿಸದೆ, ಕಲ್ಲು ನೆನೆಸಿ, ಪಿ100 ದರ್ಜೆಯ ಫಿಲ್ಟರ್ ಇರುವ ಮಾಸ್ಕ್ ಹಾಕಿ ಕೆಲಸ ಮಾಡಬೇಕು. ಕರವಸ್ತ್ರ ಕಟ್ಟಿದರೆ ಸಾಲದು.

ದಾಖಲೆಯಿಂದ ಗುಡಿಗೆ ಆಗುವ ಲಾಭ ನೇರವಾದದ್ದು. ಮ್ಯಾಗ್ನೆಟೈಟ್ ಎಷ್ಟಿದೆ ಎಂಬುದು ಗುಂಡಿಯಿಂದ ಗುಂಡಿಗೆ ಬೇರೆ. ದಾರಕ್ಕೆ ಕಟ್ಟಿದ ಪುಟ್ಟ ಅಯಸ್ಕಾಂತವನ್ನು ಕಲ್ಲಿನ ಹತ್ತಿರ ತಂದರೆ ಒಂದು ಕಲ್ಲು ಅದನ್ನು ಸೆಳೆಯುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಇದನ್ನೇ ಅಂಕಿಯಲ್ಲಿ ಹೇಳುವ ಅಂಗೈಗಾತ್ರದ ಕಾಂತಗ್ರಹಣ ಮಾಪಕ ಇದೆ, ಕಲ್ಲಿಗೆ ತಾಗಿಸಿದರೆ ಸಾಕು, ಚೂರೂ ಒಡೆಯಬೇಕಿಲ್ಲ. ಕಾಂಬೋಡಿಯದ ಅಂಕೋರ್ ಗುಡಿಗಳ ಮರಳುಗಲ್ಲು ಯಾವ ಗಣಿಯದೆಂದು ವಿಂಗಡಿಸಲು ಈ ಅಳತೆಯನ್ನು ಬಳಸಿದ್ದಾರೆ. ಗುಂಡಿಯ ಸಡಿಲ ಚಕ್ಕೆಯಿಂದ 0.03 ಮಿ.ಮೀ. ದಪ್ಪದ ತೆಳುಪೊರೆ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಟಾಲ್ಕ್, ಕ್ಲೋರೈಟ್, ಕಾರ್ಬೊನೇಟಿನ ಪಾಲು ತಿಳಿಯುತ್ತದೆ, ಕ್ರೋಮಿಯಂ ಮತ್ತು ನಿಕಲ್ ಪ್ರಮಾಣ ಇನ್ನೊಂದು ಗುರುತು. ಗುಡಿಯ ಕಲ್ಲನ್ನೂ ಹೀಗೆ ಅಳೆದು ಗುಂಡಿಯೊಂದಿಗೆ ಹೊಂದಿಸಬಹುದು.

ಗುಡಿಯ ಬಿದ್ದ ಕಲ್ಲಿನ ಜಾಗಕ್ಕೆ ಹೊಸದನ್ನು ಕೂರಿಸುವಾಗ ಇದು ಬೇಕೇ ಬೇಕು. ಬೇರೆ ಪಟ್ಟಿಯ ಕಲ್ಲು ಒಣಗಿದ್ದಾಗ ಒಂದೇ ಬಣ್ಣ ಕಂಡರೂ ಮೊದಲ ಮಳೆಗೆ ತೇಪೆಯಂತೆ ಎದ್ದು ಕಾಣುತ್ತದೆ, ತೇವ ಕುಡಿಯುವ ಪ್ರಮಾಣವೂ ಬೇರೆಯಾಗಿ ಸಂದಿಯಲ್ಲಿ ಪಾಚಿ ಹಿಡಿಯುತ್ತದೆ. ಕೂರಿಸುವ ದಿಕ್ಕೂ ಮುಖ್ಯ. ಗೋಡೆಯ ಕಲ್ಲಿನ ಪದರ ಮಲಗಿರಬೇಕು. ಪದರವನ್ನು ಮುಖಕ್ಕೆ ನಿಲ್ಲಿಸಿ ಕೂರಿಸಿದರೆ ಕೆಲವೇ ವರ್ಷಗಳಲ್ಲಿ ಈರುಳ್ಳಿ ಸಿಪ್ಪೆಯಂತೆ ಏಳುತ್ತದೆ.

ಕಾನೂನಿನಲ್ಲಿ ದಾರಿ ಇದೆ. 1958ರ ಕೇಂದ್ರ ಕಾಯ್ದೆ ಕಟ್ಟಡಗಳ ಜೊತೆಗೆ, ನೂರು ವರ್ಷಕ್ಕೆ ಕಡಿಮೆಯಿಲ್ಲದ ಅವಶೇಷಗಳಿರುವ ಪ್ರದೇಶವನ್ನೂ ಪುರಾತತ್ವ ನಿವೇಶನ ಎಂದು ಪರಿಗಣಿಸುತ್ತದೆ. ರಾಜ್ಯಕ್ಕೂ 1961ರ ತನ್ನದೇ ಕಾಯ್ದೆ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಕರ್ನಾಟಕದಲ್ಲಿ ಲಾಲ್‌ಬಾಗಿನ ಬಂಡೆ, ಸೇಂಟ್ ಮೇರಿಸ್ ದ್ವೀಪ, ಮರಡಿಹಳ್ಳಿಯ ದಿಂಬುಲಾವಾ (ನೀರಿನಡಿ ದಿಂಬಿನ ಆಕಾರದಲ್ಲಿ ಹೆಪ್ಪುಗಟ್ಟಿದ ಲಾವಾ), ಕೋಲಾರ ಚಿನ್ನದ ಗಣಿ ಬಳಿಯ ಲಾವಾ ಶಿಲೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಭೂವಿಜ್ಞಾನವೂ ಕಲೆಯೂ ಒಂದೇ ಗೋಡೆಯಲ್ಲಿ ಸಿಗುವ ಬಳಪದ ಕಲ್ಲಿನ ಗಣಿ ಆ ಸಾಲಿಗೆ ಸೇರಲು ಅರ್ಹ.

ಅಲ್ಲಿಯವರೆಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಒಂದು ಹಾಳೆಯ ದಾಖಲೆಯಾದರೂ ಆಗಲಿ: ಸರ್ವೆ ನಂಬರ್, ಮೊಬೈಲಿನ ಜಿಪಿಎಸ್ ಅಂಕಿ, ಊರವರು ಕರೆಯುವ ಹೆಸರು, ಗುಂಡಿಯ ಉದ್ದ, ಅಗಲ, ದಿಕ್ಕು, ಪದರ ಇಳಿಯುವ ಬದಿ, ಗೋಡೆಯ ಗುರುತುಗಳ ಫೋಟೊ, ಗುಡ್ಡೆಯ ಎತ್ತರ, ಅಯಸ್ಕಾಂತ ಸೆಳೆಯಿತೇ ಇಲ್ಲವೇ. ಲಂಟಾನವನ್ನು ಕುಡುಗೋಲಿನಿಂದ ಬುಡಕ್ಕೆ ಕತ್ತರಿಸಬೇಕು. ಬೇರು ಕಿತ್ತರೆ ಗುಡ್ಡೆಯ ಪದರ ಕದಡುತ್ತದೆ. ಬಿಡಿ ಕಲ್ಲುಗಳನ್ನು ಮನೆಗಾಗಲಿ ಶಾಲೆಗಾಗಲಿ ಒಯ್ಯದೆ ಇದ್ದಲ್ಲೇ ಬಿಡಬೇಕು. ಮಾರ್ಚ್, ಏಪ್ರಿಲಿನಲ್ಲಿ ನೀರು ಇಳಿದು ಗೋಡೆಯ ಕೆಳಭಾಗ ಕಾಣುತ್ತದೆ. ಮುಂಗಾರು ಹಿಡಿದರೆ ಮತ್ತೆ ಒಂದು ವರ್ಷ ಕಾಯಬೇಕಾಗುತ್ತದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆ, ಪುರಾತತ್ವ ಇಲಾಖೆ, ಹಾಸನ, ಚಿಕ್ಕಮಗಳೂರು ಜಿಲ್ಲಾಡಳಿತಗಳು ಈ ಬೇಸಿಗೆಯಲ್ಲೇ ಒಟ್ಟಾಗಿ ಹೊರಡಬೇಕೆಂದು ವಿನಂತಿ.

ಇಂತಿ,
ಬಳಪದ ಕಲ್ಲಿನ ಕೆಲಸ ಬಲ್ಲ ಕೆಲವರು
ಹಾಸನ